ಹತ್ತನೇ ತರಗತಿ ಮುಗಿಸಿದ ಹುಡುಗಿ ಹಸಿರು ಬಳೆಯಲ್ಲಿ ಸಿಕ್ಕಳು: ನಮ್ಮ ಕಡೆ ಬಾಲ್ಯವಿವಾಹ ಯಾಕೆ ನಿಲ್ಲುತ್ತಿಲ್ಲ?

ಹುನಗುಂದದ ಟೀಚರ್

ಎಲ್ಲರಿಗೂ ನಮಸ್ಕಾರ. ಬಾಗಲಕೋಟೆ ಜಿಲ್ಲೆಯ ಒಂದು ಹಳ್ಳಿ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಹೋದ ಭಾನುವಾರ ಇಳಕಲ್ ಬಸ್ ಸ್ಟ್ಯಾಂಡಿನಲ್ಲಿ ನೋಡಿದ್ದು ಮನಸ್ಸಿನಿಂದ ಹೋಗುತ್ತಲೇ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಎದುರಿನ ಕಟ್ಟೆಯ ಮೇಲೆ ಒಬ್ಬ ಹುಡುಗಿ ಕೂತಿದ್ದಳು. ಹಸಿರು ಸೀರೆ, ಮೊಣಕೈ ತನಕ ಹಸಿರು ಬಳೆ, ತಲೆ ತುಂಬ ಹೂವು. ಕುಬಸ (ಸೀಮಂತ) ಮಾಡಿಸಿಕೊಂಡು ತವರಿಗೆ ಹೊರಟವಳು ಅಂತ ನೋಡಿದರೇ ಗೊತ್ತಾಗುತ್ತಿತ್ತು. ನನ್ನನ್ನು ಕಂಡವಳೇ ಸೆರಗು ಎಳೆದುಕೊಂಡು ಮುಖ ಆ ಕಡೆ ಮಾಡಿದಳು. ಆಗ ಗುರುತು ಸಿಕ್ಕಿತು. ಮಾರ್ಚ್‌ವರೆಗೆ ನನ್ನ ಕ್ಲಾಸಿನ ಮೂರನೇ ಬೆಂಚಿನಲ್ಲಿ ಕೂರುತ್ತಿದ್ದವಳು. ಕನ್ನಡದಲ್ಲಿ 125ಕ್ಕೆ 112 ತೆಗೆದವಳು. ಈಗಿನ್ನೂ 16 ವರ್ಷ.

ಪಕ್ಕದಲ್ಲಿ ಹೋಗಿ ಕೂತೆ. "ಎಷ್ಟ ತಿಂಗಳದಾಗ ಅದೀಯವ್ವಾ?" ಅಂದೆ. "ಏಳರಾಗ್ರಿ ಅಕ್ಕೋರೆ" ಅಂದಳು, ತಲೆ ಎತ್ತಲಿಲ್ಲ. ಬಳೆಗಳನ್ನು ಒಂದೊಂದಾಗಿ ಮೇಲೆ ಸರಿಸುತ್ತಾ, ಮತ್ತೆ ಕೆಳಗೆ ಬಿಡುತ್ತಾ ಇದ್ದಳು. ಅಷ್ಟರಲ್ಲಿ ಅವಳ ಅವ್ವ ನೀರಿನ ಬಾಟಲಿ ತುಂಬಿಸಿಕೊಂಡು ಬಂದಳು. ನಾನು ಏನೂ ಕೇಳಿರಲಿಲ್ಲ, ಆಕೆಯೇ ಹೇಳಿದಳು. "ಹಿರಿಯಾಕಿ ಮದುವಿ ಇತ್ರಿ. ಒಂದ ಹಂದರದಾಗ ಎರಡೂ ಮುಗಿಸಿಬಿಟ್ವಿ. ಎರಡೆರಡ ಸಲ ಸಾಲ ಮಾಡೂದು ನಮ್ಮ ಕೈಲೆ ಎಲ್ಲಿ ಆಗತೈತ್ರಿ?"

ನಾನು ಏನೂ ಉತ್ತರ ಕೊಡಲಿಲ್ಲ. ಬಸ್ಸು ಬಂತು, ಹೋದರು.

ಮನೆಗೆ ಬಂದ ಮೇಲೆ ಲೆಕ್ಕ ಹಾಕಿದೆ. ಮಾರ್ಚ್‌ನಲ್ಲಿ ಪರೀಕ್ಷೆ, ಮೇ ತಿಂಗಳಲ್ಲಿ ಅಕ್ಕಿಕಾಳು (ಮದುವೆ), ಡಿಸೆಂಬರ್‌ನಲ್ಲಿ ಕುಬಸ. ಈ ಮಧ್ಯೆ ಜೂನ್‌ನಲ್ಲಿ ಪಿಯುಸಿ ಅಡ್ಮಿಷನ್ ನಡೆಯಿತು. ಅವಳು ಅಡ್ಮಿಷನ್ ಮಾಡಿಸಿದಳಾ ಅಂತ ನಾನೂ ಕೇಳಲಿಲ್ಲ, ಬೇರೆ ಯಾರೂ ಕೇಳಲಿಲ್ಲ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ. 21.3 ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಅದರ ಹಿಂದಿನ ಸಮೀಕ್ಷೆಯಲ್ಲಿ 21.4. ಅಂದರೆ ಅಷ್ಟು ವರ್ಷದಲ್ಲಿ ಅಲ್ಲಾಡೇ ಇಲ್ಲ. ಅದೂ ಇಡೀ ರಾಜ್ಯದ ಲೆಕ್ಕ. ನಮ್ಮ ಬಾಗಲಕೋಟೆ, ವಿಜಯಪುರ, ಬೆಳಗಾವಿಯ ಸ್ಥಿತಿ ಅದಕ್ಕಿಂತ ಕೆಟ್ಟದ್ದು ಅಂತ ಇಲ್ಲಿರುವ ಎಲ್ಲರಿಗೂ ಗೊತ್ತು.

ತಂದೆತಾಯಿಗೆ ಬುದ್ಧಿಯಿಲ್ಲ ಅಂತ ಸುಮ್ನೆ ಮುಗಿಸಿಬಿಡಬೇಡಿ. ನಿಮ್ಮ ಊರಲ್ಲಿ ಏನು ನೋಡಿದ್ದೀರಿ, ಹೇಳಿ.

ತಾಂಡಾದ ಆಶಾ

ಅಕ್ಕೋರೆ, ನಾನು ವಿಜಯಪುರ ಜಿಲ್ಲೆಯಲ್ಲಿ ಆಶಾ ಕಾರ್ಯಕರ್ತೆ. ನನ್ನ ಪಾಲಿಗೆ ಒಂದು ಹಳ್ಳಿ, ಎರಡು ತಾಂಡಾ (ಲಂಬಾಣಿಗರ ಊರು) ಬರುತ್ತವೆ. ನೀವು ಬಸ್ ಸ್ಟ್ಯಾಂಡಿನಲ್ಲಿ ನೋಡಿದ್ದನ್ನು ನಾನು ಮನೆಯೊಳಗೆ ನೋಡುತ್ತೇನೆ.

ನಮಗೆ ದೊಡ್ಡ ತೊಂದರೆ ಏನು ಗೊತ್ತಾ? ಮುಚ್ಚಿಡುವುದು. ಬಸುರಾದ ಮೂರು ತಿಂಗಳೊಳಗೆ ಹೆಸರು ಬರೆಸಿ ತಾಯಿ ಕಾರ್ಡ್ ಮಾಡಿಸಬೇಕು. ಆದರೆ ಆಧಾರ್ ಕಾರ್ಡ್ ತೋರಿಸಿದರೆ ವಯಸ್ಸು ಗೊತ್ತಾಗುತ್ತದೆ. ವಯಸ್ಸು ಗೊತ್ತಾದರೆ ಪೊಲೀಸರಿಗೆ ಹೋಗುತ್ತದೆ. ಅದಕ್ಕೆ ಅತ್ತೆ ಮನೆಯವರು "ತವರಿಗೆ ಹೋಗ್ಯಾಳ" ಅಂತಾರೆ, ತವರಿನವರು "ಗಂಡನ ಮನ್ಯಾಗ ಅದಾಳ" ಅಂತಾರೆ. ಹುಡುಗಿ ಇರುವುದು ಯಾವುದೋ ದೊಡ್ಡಮ್ಮನ ಮನೆಯಲ್ಲಿ. ನಮ್ಮ ಕಣ್ಣಿಗೆ ಬೀಳುವಷ್ಟರಲ್ಲಿ ಏಳೋ ಎಂಟೋ ತಿಂಗಳು ಆಗಿರುತ್ತದೆ.

ಹೋದ ವರ್ಷ ಒಬ್ಬಳನ್ನು ಹಾಗೇ ಹುಡುಕಿ ಹಿಡಿದೆ. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರೆ ಕಾಗದದ ಹಾಗೆ ಬಿಳಿ. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 6 ಗ್ರಾಂ. ಬಸುರಿಗೆ 11 ಗ್ರಾಂ ಇರಬೇಕು, 7ಕ್ಕಿಂತ ಕೆಳಗೆ ಬಂದರೆ ಜೀವಕ್ಕೇ ಅಪಾಯ. ಕಬ್ಬಿಣದ ಗುಳಿಗೆ ಒಂದೂ ನುಂಗಿರಲಿಲ್ಲ. ಕೇಳಿದರೆ "ಯಾರರೆ ಕೊಟ್ಟಿದ್ರ ನುಂಗತಿದ್ನಿ" ಅಂದಳು. ಆ ಮಾತು ನನಗೆ ಚುಚ್ಚಿತು. ಕೊಡಬೇಕಾದವಳು ನಾನೇ ಅಲ್ವಾ? ಅವಳು ಇರುವ ಜಾಗವೇ ನನಗೆ ಗೊತ್ತಿರಲಿಲ್ಲ.

ಇನ್ನೊಂದು ವಿಷಯ. ಬಸುರಿಯರಿಗೆ ಸರಕಾರ ಕೊಡುವ ಮಾತೃವಂದನಾ ದುಡ್ಡು 18 ತುಂಬದವರಿಗೆ ಸಿಗುವುದಿಲ್ಲ. ಹುಟ್ಟಿದಾಗ ಮಾಡಿಸಿದ ಭಾಗ್ಯಲಕ್ಷ್ಮಿ ಬಾಂಡೂ 18ರೊಳಗೆ ಮದುವೆಯಾದರೆ ಹೋಗುತ್ತದೆ. ನಿಯಮ ಮಾಡಿದ್ದು ಒಳ್ಳೆಯದಕ್ಕೇ. ಆದರೆ ಹೊಟ್ಟೆಗೆ ಜಾಸ್ತಿ ಬೇಕಾದ ಹೊತ್ತಿನಲ್ಲಿ ಆ ಹುಡುಗಿಯ ಕೈಗೆ ಏನೂ ಬರುವುದಿಲ್ಲ.

ಜಮಖಂಡಿ ರೈತ

ಕಬ್ಬಿನ ಸೀಮೆಯವನು ನಾನು. ಯಾರೂ ಮಾತಾಡದ ಒಂದು ಕಾರಣ ಹೇಳುತ್ತೇನೆ.

ಕಬ್ಬು ಕಡಿಯುವ ಗ್ಯಾಂಗಿನಲ್ಲಿ ಕೂಲಿ ಲೆಕ್ಕ ಜೋಡಿಗೆ. ಗಂಡ ಹೆಂಡತಿ ಸೇರಿದರೆ ಒಂದು ಕೊಯ್ತಾ. ಗಂಡ ಕಡಿಯುತ್ತಾನೆ, ಹೆಂಡತಿ ಸವರಿ, ಹೊರೆ ಕಟ್ಟಿ, ತಲೆ ಮೇಲೆ ಹೊತ್ತು ಗಾಡಿಗೆ ಹಾಕುತ್ತಾಳೆ. ಮುಕಾದಮ (ಗ್ಯಾಂಗಿನ ಮೇಸ್ತ್ರಿ) ಮುಂಗಡ ಕೊಡುವುದೂ ಕೊಯ್ತಾ ಲೆಕ್ಕದಲ್ಲಿ. ಒಂಟಿ ಹುಡುಗನಿಗೆ ಅರ್ಧ. ಹಾಗಾಗಿ ದೀಪಾವಳಿ ಆದಮೇಲೆ ಸೀಸನ್ ಶುರುವಾಗುವ ಮೊದಲೇ ಮಗನ ಮದುವೆ ಮುಗಿಸಿದರೆ ಮನೆಗೆ ಇನ್ನೊಂದು ಮುಂಗಡ ಬರುತ್ತದೆ. ಮಹಾರಾಷ್ಟ್ರದ ಬೀಡ ಕಡೆಯವರ ಕಥೆ ಇದು ಅಂತ ಎಲ್ಲರೂ ಹೇಳುತ್ತಾರೆ. ನಮ್ಮ ತಾಂಡಾಗಳಿಂದ ಬರುವ ಗ್ಯಾಂಗುಗಳಲ್ಲೂ ಇದನ್ನೇ ನೋಡಿದ್ದೇನೆ.

ಹೆಣ್ಣು ಹೆತ್ತವರ ಕಡೆಯೂ ನೋಡಿ. ಐದಾರು ತಿಂಗಳು ಗುಳೆ ಹೋಗುತ್ತಾರೆ. 14 ವರ್ಷದ ಮಗಳನ್ನು ಊರಲ್ಲಿ ಯಾರ ಹತ್ತಿರ ಬಿಡುವುದು? ಕರೆದುಕೊಂಡು ಬಂದರೆ ಹೊಲದ ಬದುವಿನ ಜೋಪಡಿಗೆ ಬಾಗಿಲೇ ಇರುವುದಿಲ್ಲ. ಬೆಳಗಿನ ನಾಲ್ಕಕ್ಕೆ ತಂದೆತಾಯಿ ಕಬ್ಬು ಕಡಿಯುವ ಫಡಕ್ಕೆ ಹೋದರೆ ಹುಡುಗಿ ಒಬ್ಬಳೇ. ಆ ಭಯಕ್ಕೆ ಮದುವೆ ಮಾಡಿಬಿಡುತ್ತಾರೆ.

ಮೂರು ವರ್ಷದ ಹಿಂದೆ ನಮ್ಮ ಹೊಲದಲ್ಲೇ ಒಂದು ಮಗು ಬಸುರಿ ಹೊಟ್ಟೆ ಹೊತ್ತುಕೊಂಡು ಹೊರೆ ಹೊತ್ತು ಟ್ರಾಲಿಯ ಹಲಗೆ ಹತ್ತುತ್ತಿತ್ತು. ಹೌದು, ಮಗು ಅಂತಲೇ ಹೇಳುತ್ತೇನೆ. "ಇಳಿಯವ್ವಾ" ಅಂತ ಕೂಗಿದೆ. ಕೂಲಿ ಕಡಿಮೆಯಾಗುತ್ತದೆ ಅಂತ ಹೆದರಿ ಮುಕಾದಮನ ಮುಖ ನೋಡಿದಳು. ಕೂಲಿ ನಾನು ತುಂಬಿಕೊಟ್ಟೆ. ಆದರೆ ಅವತ್ತು ಒಂದು ದಿನದ್ದು ಅಷ್ಟೆ.

ಗೋಕಾಕದ ತಮ್ಮ

ಬಡತನ ಒಂದೇ ಅಲ್ಲ ಅಣ್ಣಾರೆ. ಈಗ ಎಲ್ಲರ ಕೈಯಲ್ಲೂ ಮೊಬೈಲ್. ಹುಡುಗಿಯರು ಓಡಿಹೋಗುತ್ತಿದ್ದಾರೆ. ಆ ಮಾನ ಹೋಗುವ ಭಯಕ್ಕೇ ತಂದೆತಾಯಿ ಬೇಗ ಮದುವೆ ಮಾಡುವುದು. ಮೊದಲು ಮೊಬೈಲ್ ಕಿತ್ತುಕೊಳ್ಳಿ.

ತಾಂಡಾದ ಆಶಾ

ತಮ್ಮಾ, ನನ್ನ ಅವ್ವನಿಗೆ 13ಕ್ಕೆ ಮದುವೆಯಾಯಿತು. ಆಗ ಊರಲ್ಲಿ ಕರೆಂಟೇ ಇರಲಿಲ್ಲ.

ರಾಯಬಾಗದ ಅಕ್ಕ

ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚನೆ ಮಾಡಿದೆ. ಟೀಚರ್ ಕಂಡ ಆ ಹುಡುಗಿ ನಾನೇ ಅಂದುಕೊಳ್ಳಿ. 20 ವರ್ಷದ ಹಿಂದಿನ ನಾನು.

ಒಂಬತ್ತನೇ ತರಗತಿಯಲ್ಲಿದ್ದೆ. ಅಜ್ಜಿ ಹಾಸಿಗೆ ಹಿಡಿದಳು. "ಕಣ್ಣ ಮುಚ್ಚೂದರೊಳಗ ಮೊಮ್ಮಗಳ ಅಕ್ಕಿಕಾಳು ನೋಡಬೇಕು" ಅಂದಳು. ಸೋದರಮಾವನಿಗೇ ಕೊಟ್ಟರು. ಹೊರಗಿನ ಸಂಬಂಧ ಅಲ್ಲ, ವರದಕ್ಷಿಣೆ ಇಲ್ಲ, ಬಂಗಾರ ಇಲ್ಲ, ಎಲ್ಲರಿಗೂ ಸಮಾಧಾನ. ನನಗೂ ಹೊಸ ಸೀರೆ ಬಂತು ಅಂತ ಖುಷಿಯೇ ಇತ್ತು. ಅಜ್ಜಿ ಆಮೇಲೆ ಆರು ವರ್ಷ ಬದುಕಿದಳು.

ಬಸುರಾದಾಗ ನನಗೆ 15. ನನ್ನ ಮೈಗೆ ಏನಾಗುತ್ತಿದೆ ಅಂತ ಯಾರೂ ಹೇಳಲಿಲ್ಲ. ಒಳಗೆ ಏನೋ ಮಿಸುಕಾಡಿದಾಗ ಹುಳ ಆಗಿದೆ ಅಂದುಕೊಂಡು ಹೆದರಿ ಅತ್ತಿದ್ದೆ. ಎಂಟನೇ ತಿಂಗಳಲ್ಲಿ ಕಾಲು, ಮುಖ ಊದಿಕೊಂಡವು. ಕಣ್ಣು ಮಂಜಾದವು. ಬಸುರಿಗೆ ಇದೆಲ್ಲ ಇದ್ದದ್ದೇ ಅಂದರು. ಒಂದು ರಾತ್ರಿ ಫಿಟ್ಸ್ ಬಂತು. ಟೆಂಪೋದಲ್ಲಿ ಹಾಕಿಕೊಂಡು ತಾಲೂಕಿಗೆ, ಅಲ್ಲಿಂದ ಬೆಳಗಾವಿಗೆ. ಬಿಪಿ ಏರಿದೆ ಅಂದರು. ಮಗು 1 ಕೆಜಿ 600 ಗ್ರಾಂ ಇತ್ತು. ಒಂಬತ್ತು ದಿನ ಇತ್ತು.

ನಾನು ಮನೆಗೆ ಬಂದಾಗ ಎದೆಯಲ್ಲಿ ಹಾಲು ಕಟ್ಟಿತ್ತು. ಅತ್ತೆ ಹಳೆಯ ಧೋತರ ಹರಿದು ಬಿಗಿಯಾಗಿ ಕಟ್ಟಿದಳು. ಆಕೆ ಕೆಟ್ಟವಳಲ್ಲ. ಆಕೆಯೂ ಅತ್ತಳು. "ನಂದೂ ಮೊದಲಿಂದು ಉಳಿಲಿಲ್ಲವ್ವಾ" ಅಂದಳು. ನನ್ನ ಅವ್ವಂದೂ ಉಳಿದಿರಲಿಲ್ಲ. ಹದಿಮೂರು ತಿಂಗಳಿಗೆ ಮತ್ತೆ ಹೆರಿಗೆ. ಆ ಮಗಳು ಉಳಿದಳು.

ಇವತ್ತಿಗೂ ನನ್ನ ಸೊಂಟ ನೆಟ್ಟಗಿಲ್ಲ. ಅದಕ್ಕಿಂತ ಹೆಚ್ಚು ನೋವು ಬೇರೆಯದು. ಬ್ಯಾಂಕಿಗೆ ಹೋದರೆ ಫಾರ್ಮ್ ತುಂಬಲು ಇನ್ನೊಬ್ಬರನ್ನು ಕೇಳಬೇಕು. ದುಡಿದ ಕೂಲಿ ಎಷ್ಟು ದಿನದ್ದು ಅಂತ ಬೇರೆಯವರು ಲೆಕ್ಕ ಹಾಕಿಕೊಡಬೇಕು. ಶಾಲೆಯಲ್ಲಿ ಗಣಿತದಲ್ಲಿ ನಾನೇ ಮುಂದಿದ್ದೆ. ಎಲ್ಲ ಮರೆತುಹೋಯಿತು.

ಮಗಳು ಈಗ ಎರಡನೇ ಪಿಯುಸಿ. ನೆಂಟರು ಬಂದಾಗಲೆಲ್ಲ ಕೇಳುತ್ತಾರೆ, "ಇನ್ನೂ ಎಷ್ಟ ದಿನ ಕಲಿಸ್ತಿ?" ಅಂತ. "ನಾ ಕಲಿಲಾರದಷ್ಟು ದಿನ" ಅಂತ ಹೇಳಿದ್ದೇನೆ.

ಹುನಗುಂದದ ಟೀಚರ್

ಅಕ್ಕಾ, ನಿಮ್ಮ ಮಾತು ಓದಿ ತುಂಬ ಹೊತ್ತು ಸುಮ್ಮನೆ ಕೂತೆ. ಇದನ್ನು ಬರೆಯಲು ಎಷ್ಟು ಧೈರ್ಯ ಬೇಕು ಅಂತ ಗೊತ್ತು.

ಗೋಕಾಕದ ತಮ್ಮ

ಅಕ್ಕಾ, ಮೊಬೈಲ್ ಮಾತು ನಾನು ದುಡುಕಿ ಬರೆದೆ. ಯಾಕೆ ಬರೆದೆ ಅಂತ ಹೇಳುತ್ತೇನೆ. ನನ್ನ ಗೆಳೆಯನಿಗೆ 19, ಹುಡುಗಿಗೆ 17. ಇಬ್ಬರೂ ಮನೆ ಬಿಟ್ಟು ಹೋದರು. ಗುಡಿಯಲ್ಲಿ ತಾಳಿ ಕಟ್ಟಿದ. ಅವಳು ಬಸುರಾಗಿ ಆಸ್ಪತ್ರೆಗೆ ಹೋದಾಗ ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಕಾಯ್ದೆ) ಕೇಸಾಯಿತು. ಅವನು ಜೈಲಿನಲ್ಲಿ, ಅವಳು ಕೂಸಿನ ಜೊತೆ ತವರಿನಲ್ಲಿ. ಅವಳನ್ನು ಯಾರೂ ಮಾತಾಡಿಸುವುದಿಲ್ಲ. ಕೂಸಿನ ಹೆಸರಿಡಲೂ ಯಾರೂ ಬರಲಿಲ್ಲ. ಯಾರಿಗೆ ಒಳ್ಳೆಯದಾಯಿತು?

ಬೆಳಗಾವಿ ವಕೀಲೆ

ಕಾನೂನಿನ ವಿಷಯ ಇಲ್ಲಿ ತುಂಬ ಗೊಂದಲ ಇದೆ, ಬಿಡಿಸಿ ಹೇಳುತ್ತೇನೆ.

ಬಾಲ್ಯವಿವಾಹ ನಿಷೇಧ ಕಾಯ್ದೆ 2006ರದು. ಹುಡುಗಿಗೆ 18, ಹುಡುಗನಿಗೆ 21. ಕೇಂದ್ರದ ಕಾಯ್ದೆಯಲ್ಲಿ ಬಾಲ್ಯವಿವಾಹವನ್ನು ಕೋರ್ಟಿಗೆ ಹೋಗಿ ರದ್ದು ಮಾಡಿಸಬೇಕು. ಕರ್ನಾಟಕ ಇದಕ್ಕೆ ತಿದ್ದುಪಡಿ ತಂದು 2017ರಿಂದ ಜಾರಿ ಮಾಡಿತು. ಆಮೇಲೆ ನಮ್ಮ ರಾಜ್ಯದಲ್ಲಿ ನಡೆದ ಬಾಲ್ಯವಿವಾಹ ಮೊದಲಿಂದಲೇ ಅಸಿಂಧು, ಅಂದರೆ ಕಾನೂನಿನಲ್ಲಿ ಅದು ಮದುವೆಯೇ ಅಲ್ಲ. ನ್ಯಾಯಮೂರ್ತಿ ಶಿವರಾಜ ಪಾಟೀಲರ ಸಮಿತಿ 2011ರಲ್ಲಿ ವರದಿ ಕೊಟ್ಟ ಮೇಲೆ ಇಲ್ಲಿ ಬಿಗಿ ಜಾಸ್ತಿಯಾಯಿತು. ಅದಕ್ಕೇ ವಿಜಯಪುರ, ಅಥಣಿ ಕಡೆಯವರು ಗಡಿ ದಾಟಿ ಹೋಗಿ ಅಕ್ಕಿಕಾಳು ಹಾಕಿಬರುತ್ತಾರೆ. ಗಡಿಯಾಚೆಯೂ ಅದು ಅಪರಾಧವೇ, ಮರೆಯಬೇಡಿ.

ಮದುವೆಗೆ ಹೋಗಿ ಅಕ್ಕಿಕಾಳು ಹಾಕಿದವರ ಮೇಲೂ ಕೇಸು ಹಾಕಬಹುದು. ಮುಂಚೆಯೇ ಗೊತ್ತಾದರೆ ಕೋರ್ಟಿನಿಂದ ತಡೆಯಾಜ್ಞೆ ತರಬಹುದು. ತಡೆಯಾಜ್ಞೆ ಮೀರಿ ಮಾಡಿದ ಮದುವೆ ಯಾವ ರಾಜ್ಯದಲ್ಲೇ ನಡೆಯಲಿ, ಅಸಿಂಧು.

ಹುಡುಗಿ ಬಸುರಾದ ಮೇಲಿನ ಮಾತು. ದೈಹಿಕ ಸಂಬಂಧಕ್ಕೆ 18ರೊಳಗಿನವಳ ಒಪ್ಪಿಗೆ ಕಾನೂನಿನಲ್ಲಿ ಒಪ್ಪಿಗೆಯಲ್ಲ. ತಾಳಿ ಕಟ್ಟಿದ ಗಂಡನಿಗೂ ವಿನಾಯಿತಿ ಇಲ್ಲ ಅಂತ 2017ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಗೊತ್ತಾದವರು ತಿಳಿಸಲೇಬೇಕು. ಅದರಲ್ಲಿ ಡಾಕ್ಟರ್ ಬರುತ್ತಾರೆ, ಟೀಚರೂ ಬರುತ್ತಾರೆ.

ತಮ್ಮನ ಗೆಳೆಯನಂಥ ಕೇಸುಗಳನ್ನು ನಾನೂ ನೋಡಿದ್ದೇನೆ. 2022ರಲ್ಲಿ ನಮ್ಮ ಹೈಕೋರ್ಟಿನ ಧಾರವಾಡ ಪೀಠವೇ ಈ ವಯಸ್ಸಿನ ಮಿತಿ ಬಗ್ಗೆ ಮತ್ತೊಮ್ಮೆ ಯೋಚಿಸಿ ಅಂತ ಕಾನೂನು ಆಯೋಗಕ್ಕೆ ಹೇಳಿತ್ತು. 18 ಹಾಗೇ ಇರಲಿ, 16ರಿಂದ 18ರ ನಡುವಿನ ಕೆಲವು ಪ್ರಕರಣಗಳಲ್ಲಿ ಜಡ್ಜ್ ಶಿಕ್ಷೆ ಕಡಿಮೆ ಮಾಡಲು ಅವಕಾಶ ಇರಲಿ ಅಂತ ಆಯೋಗ 2023ರಲ್ಲಿ ಶಿಫಾರಸು ಮಾಡಿತು. ನನ್ನ ಅಭಿಪ್ರಾಯ ಕೇಳಿದರೆ, ಮಿತಿ ಇಳಿಸಿದರೆ ಅದರ ಲಾಭ ಪಡೆಯುವವರು 17ರ ಪ್ರೇಮಿಗಳಿಗಿಂತ 35ರ ಗಂಡಂದಿರೇ ಜಾಸ್ತಿ.

ಎಲ್ಲರೂ ನೆನಪಿಡಬೇಕಾದದ್ದು ಇಷ್ಟು. ಕೇಸು ಬೇರೆ, ಚಿಕಿತ್ಸೆ ಬೇರೆ. ಆಸ್ಪತ್ರೆ ಅವಳನ್ನು ವಾಪಸ್ ಕಳಿಸುವಂತಿಲ್ಲ. ಅವಳಿಗೆ ಗರ್ಭ ಬೇಡವಾದರೆ, 2021ರ ತಿದ್ದುಪಡಿ ಪ್ರಕಾರ ಅಪ್ರಾಪ್ತೆಗೆ 24 ವಾರದವರೆಗೆ ಗರ್ಭಪಾತಕ್ಕೆ ಅವಕಾಶ ಇದೆ. ಅಂಥ ಸಂದರ್ಭದಲ್ಲಿ ಅವಳೂ ಪೋಷಕರೂ ಕೇಳಿಕೊಂಡರೆ ಡಾಕ್ಟರ್ ಪೊಲೀಸರಿಗೆ ಹೆಸರು ಕೊಡಬೇಕಾಗಿಲ್ಲ ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇದು ಗೊತ್ತಿಲ್ಲದೆ ಕದ್ದುಮುಚ್ಚಿ ಔಷಧಿ ಅಂಗಡಿಯ ಗುಳಿಗೆ ನುಂಗಿ ರಕ್ತ ಹೋಗಿ ಬರುವವರಿದ್ದಾರೆ.

ಟೀಚರ್, ಕಷ್ಟದ ಮಾತು ಹೇಳುತ್ತಿದ್ದೇನೆ. ಆ ಹುಡುಗಿಯ ವಿಷಯ ನಿಮಗೆ ಗೊತ್ತಾಗಿದೆ. ನೀವು ತಿಳಿಸಬೇಕು. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ಪಂಚಾಯಿತಿ ಸದಸ್ಯೆ, ಬಸವನ ಬಾಗೇವಾಡಿ ತಾಲೂಕು

1098ಕ್ಕೆ ನಾನು ನಾಲ್ಕು ಸಲ ಫೋನ್ ಮಾಡಿದ್ದೇನೆ. ಬರುತ್ತಾರೆ, ಹಂದರ ಬಿಚ್ಚಿಸುತ್ತಾರೆ, 18 ತುಂಬುವವರೆಗೆ ಮದುವೆ ಮಾಡುವುದಿಲ್ಲ ಅಂತ ತಂದೆತಾಯಿಯಿಂದ ಮುಚ್ಚಳಿಕೆ ಬರೆಸಿಕೊಳ್ಳುತ್ತಾರೆ. ಎರಡು ಹುಡುಗಿಯರು ಉಳಿದರು. ಇನ್ನಿಬ್ಬರನ್ನು ತಿಂಗಳೊಳಗೆ ರಾತ್ರೋರಾತ್ರಿ ನೆಂಟರ ಊರಿಗೆ ಒಯ್ದು ಮದುವೆ ಮಾಡಿದರು. ಮುಚ್ಚಳಿಕೆ ಬರೆಸಿದ ಮೇಲೆ ವಾರಕ್ಕೊಮ್ಮೆ ಆ ಮನೆಯ ಬಾಗಿಲಿಗೆ ಹೋಗಿ ಹುಡುಗಿಯನ್ನು ಕಣ್ಣಾರೆ ನೋಡಿ ಬರುವವರು ಬೇಕು. ಉಳಿದ ಇಬ್ಬರಲ್ಲಿ ನಾವು ಅದನ್ನೇ ಮಾಡಿದ್ದು. ಮಹಿಳಾ ಸಂಘದವರು ಸರದಿ ಹಾಕಿಕೊಂಡು ಹೋಗುತ್ತಿದ್ದರು.

ಇನ್ನೊಂದು ವಿಷಯ ಬಸ್ಸಿನದು. ನಮ್ಮೂರಲ್ಲಿ ಹತ್ತರವರೆಗೆ ಇದೆ, ಪಿಯುಸಿಗೆ ತಾಲೂಕಿಗೆ ಹೋಗಬೇಕು. 2023ರಿಂದ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ, ಅದು ನಿಜವಾಗಿ ದೊಡ್ಡ ಉಪಕಾರ. ಆದರೆ ಸಂಜೆ ಬಸ್ಸು ತಪ್ಪಿದರೆ ಕತ್ತಲಾಗುತ್ತದೆ. ಒಂದು ದಿನ ಕತ್ತಲಾಗಿ ಮನೆಗೆ ಬಂದರೆ ಸಾಕು, ಮರುದಿನದಿಂದ ಕಾಲೇಜು ಬಂದ್. ನಾವು ಡಿಪೋಗೆ ಅರ್ಜಿ ಮೇಲೆ ಅರ್ಜಿ ಕೊಟ್ಟು ಸಂಜೆ ಬಸ್ಸಿನ ಟೈಮ್ ಬದಲಾಯಿಸಿಕೊಂಡೆವು. ಆ ವರ್ಷ ಆರು ಹುಡುಗಿಯರು ಪಿಯುಸಿ ಬಿಡಲಿಲ್ಲ.

ಹುನಗುಂದದ ಟೀಚರ್

ಸದಸ್ಯೆಯವರೇ, ನಾನು ಹುಡುಕುತ್ತಿದ್ದದ್ದು ಇದನ್ನೇ. ನಾವೆಲ್ಲ ಮದುವೆಯ ದಿನ ಹಿಡಿಯಲು ನೋಡುತ್ತೇವೆ. ಮದುವೆ ಶುರುವಾಗುವುದು ಹುಡುಗಿ ಶಾಲೆ ಬಿಟ್ಟು ಮನೆಯಲ್ಲಿ ಕೂತ ದಿನ. ಮನೆಯಲ್ಲಿ ಕೂತ ಹುಡುಗಿಯನ್ನು ಮೊದಲು ಪಕ್ಕದ ಮನೆಯವರು ನೋಡುತ್ತಾರೆ, ಆಮೇಲೆ ನೆಂಟರು, ಆಮೇಲೆ ಗಂಡಿನ ಕಡೆಯವರು.

ಶಿಕ್ಷಣದ ಹಕ್ಕು 14 ವರ್ಷಕ್ಕೆ ಮುಗಿಯುತ್ತದೆ, ಮದುವೆಯ ವಯಸ್ಸು 18. ನಡುವಿನ ಆ ನಾಲ್ಕು ವರ್ಷ ಅವಳು ಯಾರ ಲೆಕ್ಕದಲ್ಲೂ ಇಲ್ಲ. ಪಾಸಾದವಳ ಗತಿಯೇ ಹೀಗಾದರೆ ಫೇಲಾದವಳದು ಹೇಳುವುದೇ ಬೇಡ. ರಿಸಲ್ಟ್ ಬರುವುದೂ ಬೇಸಿಗೆಯಲ್ಲಿ, ಮದುವೆ ಮುಹೂರ್ತವೂ ಬೇಸಿಗೆಯಲ್ಲಿ. 2024ರಿಂದ ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇವೆ. ಫೇಲಾದ ಮಗುವಿಗೆ ಅದೇ ವರ್ಷ ಮತ್ತೆ ಅವಕಾಶ ಇದೆ ಅಂತ ಅದೇ ದಿನ ಮನೆಗೆ ಹೋಗಿ ಹೇಳಿದರೆ ಎಷ್ಟೋ ಉಳಿಯುತ್ತವೆ.

ವಕೀಲ ಅಕ್ಕಾ, ನೀವು ಹೇಳಿದ್ದಕ್ಕೆ ನನ್ನಲ್ಲಿ ಉತ್ತರ ಇಲ್ಲ. ಆ ಅವ್ವನ ಮುಖ ಕಣ್ಣ ಮುಂದೆ ಬರುತ್ತದೆ. ನಾಳೆ ಫೋನ್ ಮಾಡುತ್ತೇನೆ.

ತಾಂಡಾದ ಆಶಾ

ಅಕ್ಕೋರೆ, ಫೋನ್ ಮಾಡಿ. ಆದರೆ ಅಷ್ಟಕ್ಕೇ ಬಿಡಬೇಡಿ. ಪ್ರತಿ ತಿಂಗಳು 9ನೇ ತಾರೀಕು ಸರಕಾರಿ ಆಸ್ಪತ್ರೆಯಲ್ಲಿ ಬಸುರಿಯರಿಗೆ ದೊಡ್ಡ ಡಾಕ್ಟರ್ ಉಚಿತವಾಗಿ ನೋಡುತ್ತಾರೆ. ಏಳು ತಿಂಗಳು ಅಂದರೆ ಇನ್ನೂ ಟೈಮ್ ಇದೆ. ಬಿಪಿ, ರಕ್ತ, ಎರಡೂ ನೋಡಿಸಿ. ಕಾಲು ಊದಿದರೆ, ತಲೆ ಸಿಡಿದರೆ, ಕಣ್ಣು ಮಂಜಾದರೆ ಒಂದು ಗಂಟೆಯೂ ಕಾಯಬೇಡಿ, 108ಕ್ಕೆ ಕರೆ ಮಾಡಿ. ರಾಯಬಾಗದ ಅಕ್ಕನಿಗೆ ಆದದ್ದು ಇದೇ.

ಹುನಗುಂದದ ಟೀಚರ್ (ಹತ್ತು ದಿನದ ನಂತರ)

ಏನಾಯಿತು ಅಂತ ಕೇಳಿ ತುಂಬ ಜನ ಮೆಸೇಜ್ ಮಾಡಿದ್ದೀರಿ.

1098ಕ್ಕೆ ಹೇಳಿದೆ. ಮರುದಿನವೇ ಬಂದರು. ಕೇಸಾಗಿದೆ. ಹುಡುಗಿಯನ್ನು ಮಕ್ಕಳ ಕಲ್ಯಾಣ ಸಮಿತಿ ಮುಂದೆ ಕರೆದುಕೊಂಡು ಹೋದರು, ಸದ್ಯಕ್ಕೆ ಅವ್ವನ ಹತ್ತಿರವೇ ಇದ್ದಾಳೆ. ಅವ್ವ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಓಣಿಯಲ್ಲಿ ಎದುರಾದರೆ ಮುಖ ತಿರುಗಿಸುತ್ತಾಳೆ. ಆ ಸಿಟ್ಟು ಅವಳ ಹಕ್ಕು.

9ನೇ ತಾರೀಕು ಬೆಳಿಗ್ಗೆ ಆ ಊರಿನ ಆಶಾ ಅವರ ಜೊತೆ ಹೋಗಿ ಬಾಗಿಲು ತಟ್ಟಿದೆ. ಹುಡುಗಿ ತಾನೇ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದಳು. ರಕ್ತ 8 ಗ್ರಾಂ ಇದೆ. ಬಿಪಿ ಸ್ವಲ್ಪ ಮೇಲಿದೆ. ಇಂಜೆಕ್ಷನ್ ಶುರು ಮಾಡಿದ್ದಾರೆ, ವಾರಕ್ಕೊಮ್ಮೆ ಬರಲು ಹೇಳಿದ್ದಾರೆ, ಹೆರಿಗೆ ಜಿಲ್ಲಾಸ್ಪತ್ರೆಯಲ್ಲೇ ಆಗಬೇಕು ಅಂತ ಬರೆದಿದ್ದಾರೆ.

ಸಾಲಿನಲ್ಲಿ ಕೂತಾಗ ಮೆಲ್ಲಗೆ ಕೇಳಿದಳು. "ಅಕ್ಕೋರೆ, ನನ್ನ ಮಾರ್ಕ್ಸ್ ಕಾರ್ಡ್ ಇನ್ನೂ ಸಾಲ್ಯಾಗ ಐತೇನ್ರಿ?" ಇದೆ, ಕಪಾಟಿನಲ್ಲಿ ಇದೆ, ತೆಗೆದುಕೊಳ್ಳಲು ಯಾರೂ ಬಂದಿರಲಿಲ್ಲ. ಮುಂದಿನ ವಾರ ತಂದುಕೊಡುತ್ತೇನೆ ಅಂದೆ. ಮುಕ್ತ ಶಾಲೆಯಲ್ಲಿ ಮನೆಯಿಂದಲೇ ಪಿಯುಸಿ ಮಟ್ಟದ ಪರೀಕ್ಷೆ ಕಟ್ಟಬಹುದು ಅಂತ ಹೇಳಿದೆ. ಏನೂ ಅನ್ನಲಿಲ್ಲ. ಫೀಸ್ ಎಷ್ಟು ಅಂತ ಮಾತ್ರ ಕೇಳಿದಳು.

ಈ ವರ್ಷ ಹತ್ತನೇ ತರಗತಿಯಲ್ಲಿ ನನ್ನ ಹತ್ತಿರ 31 ಹುಡುಗಿಯರಿದ್ದಾರೆ. ಅವರ ಅವ್ವಂದಿರ ಫೋನ್ ನಂಬರ್ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೇನೆ. ಎಂಟು ಜನರ ಹತ್ತಿರ ಫೋನ್ ಇಲ್ಲ, ಅವರ ಮನೆಗೆ ಹೋಗಬೇಕು. ಜನವರಿಯಲ್ಲಿ ತಾಯಂದಿರ ಸಭೆ ಇಟ್ಟಿದ್ದೇವೆ.

ರಾಯಬಾಗದ ಅಕ್ಕ

ಟೀಚರ್, ಆ ಸಭೆಗೆ ನಾನು ಬರಲಾ? ಭಾಷಣ ಗೀಷಣ ನನಗೆ ಬರುವುದಿಲ್ಲ. ಇಲ್ಲಿ ಬರೆದದ್ದನ್ನೇ ಹೇಳುತ್ತೇನೆ.

ಹುನಗುಂದದ ಟೀಚರ್

ಬನ್ನಿ ಅಕ್ಕಾ. ಸಭೆ ಶನಿವಾರ ಹನ್ನೊಂದಕ್ಕೆ. ಅಷ್ಟು ದೂರದಿಂದ ಬೆಳಿಗ್ಗೆ ಹೊರಟರೆ ಮುಟ್ಟುವುದಿಲ್ಲ, ಹಿಂದಿನ ದಿನವೇ ಬಂದು ನಮ್ಮ ಮನೆಯಲ್ಲಿ ಉಳಿಯಿರಿ. ಮಗಳನ್ನೂ ಕರೆದುಕೊಂಡು ಬನ್ನಿ.